ಗದ್ದೆಪ್ಪ ಮುಳುಗಗೊಡದ ಹಡಗು

ಸಮುದ್ರವನ್ನು ಒಮ್ಮೆಯೂ ನೋಡದೆ ಹಡಗಿನ ಹೆಸರು ಹೊತ್ತು ತಿರುಗಿದ ಮನುಷ್ಯ ನಮ್ಮ ಸಿಂಧನೂರಿನಲ್ಲಿ ಒಬ್ಬನೇ: ಹಡಗು ಗದ್ದೆಪ್ಪ. ಅವನು ಜೀವಮಾನದಲ್ಲಿ ಕಂಡ ಅತಿ ದೊಡ್ಡ ನೀರೆಂದರೆ ನಮ್ಮ ಕಾಲುವೆ. ಅದರಲ್ಲೂ ಮೊಣಕಾಲಿಗಿಂತ ಆಳಕ್ಕೆ ಅವನು ಇಳಿದದ್ದನ್ನು ನಾನಂತೂ ನೋಡಿಲ್ಲ.

ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದು ಹಿಂಡಿ, ಹತ್ತಿಕಾಳು, ಹಗ್ಗ, ಲಾಟೀನುಗಳ ಅಂಗಡಿ. ದನ ಸಾಕಿದವರೆಲ್ಲ ಒಂದಿಲ್ಲೊಂದು ದಿನ ನನ್ನ ಕಟ್ಟೆ ಹತ್ತಲೇಬೇಕು. ಗದ್ದೆಪ್ಪನೂ ವಾರಕ್ಕೊಮ್ಮೆ ಬಂದು ಶೇಂಗಾ ಹಿಂಡಿ ಒಯ್ಯುತ್ತಿದ್ದ. ಅವನ ಎಮ್ಮೆ ಸತ್ತ ಮೇಲೂ ಮೂರು ತಿಂಗಳು ಒಯ್ದ. ಸತ್ತ ಎಮ್ಮೆಗೆ ಇಷ್ಟು ನಿಷ್ಠೆಯಿಂದ ಹಿಂಡಿ ಕೊಂಡ ಗಿರಾಕಿ ನನಗೆ ಆಮೇಲೆ ಸಿಗಲಿಲ್ಲ. ಎಮ್ಮೆ ಸತ್ತದ್ದು ನನಗೆ ಗೊತ್ತಿತ್ತೇ ಎಂದು ಕೇಳಿದರೆ, ಗೊತ್ತಿತ್ತು. ಆದರೆ ಹಿಂಡಿ ಯಾರು ತಿನ್ನುತ್ತಾರೆ ಎಂದು ಕೇಳುವುದು ಅಂಗಡಿಕಾರನ ಕೆಲಸವಲ್ಲ.

ಗದ್ದೆಪ್ಪನ ಕಸುಬು ಮಾತು. ಜಂಬಣ್ಣ ಸಾವುಕಾರರು ಊರ ಹೊರಗೆ ಟೆಂಟು ಹಾಕಿ ಸಿನಿಮಾ ತೋರಿಸುತ್ತಿದ್ದರು. ಕನ್ನಡ ಚಿತ್ರ ಬಂದರೆ ಗದ್ದೆಪ್ಪನಿಗೆ ರಜೆ. ಹಿಂದಿಯದೋ ಇಂಗ್ಲಿಷಿನದೋ ಬಂದರೆ ಪರದೆಯ ಪಕ್ಕದಲ್ಲಿ ಕಬ್ಬಿಣದ ಖುರ್ಚಿ ಹಾಕಿಕೊಂಡು, ಕೈಯಲ್ಲಿ ಮೈಕು ಹಿಡಿದು, ಏನು ನಡೆಯುತ್ತಿದೆ ಎಂಬುದನ್ನು ಅವನು ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷು ಅವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಕೇಳುವವರಿಗೂ ಬರುತ್ತಿರಲಿಲ್ಲವಾದ್ದರಿಂದ ತಕರಾರು ಏಳಲಿಲ್ಲ.

ತಕರಾರು ಬೇರೆಯದೇ ಇತ್ತು. ಗದ್ದೆಪ್ಪನ ಬಾಯಲ್ಲಿ ಯಾರೂ ಸಾಯುತ್ತಿರಲಿಲ್ಲ.

ಅದಕ್ಕೆ ಕಾರಣ ಅವನ ಹರೆಯದ ಬಯಲಾಟ. ಹತ್ತು ವರ್ಷ ರಾಕ್ಷಸನ ಪಾತ್ರ ಮಾಡಿ, ಹತ್ತು ವರ್ಷವೂ ಬೆಳಗಿನ ಜಾವ ಸತ್ತವನು ಅವನು. ಸತ್ತು ಬಿದ್ದು ಅರ್ಧ ಗಳಿಗೆಗೆ ಮಂಗಳಾರತಿ. ಆಗ ಕೊಂದವರು, ಸತ್ತವರು ಎಲ್ಲರೂ ಎದ್ದು ಸಾಲಾಗಿ ನಿಂತು, ಮಂಗಳ ಹಾಡಿ, ಒಂದೇ ಕೆಟಲಿನ ಚಹಾ ಕುಡಿಯಬೇಕು. ಹೆಣವನ್ನು ನೆಲದ ಮೇಲೆ ಬಿಟ್ಟು ಆಟ ಮುಗಿಸಿದರೆ ಊರಿಗೆ ಒಳ್ಳೆಯದಲ್ಲ ಎಂದು ಅವನ ಮೇಳದವರು ಕಲಿಸಿದ್ದರು. ಸಿನಿಮಾದವರು ಈ ಶಿಸ್ತು ಕಲಿತಿರಲಿಲ್ಲ, ಹೆಣಗಳನ್ನು ಬಿದ್ದಲ್ಲೇ ಬಿಟ್ಟು ಹೋಗುತ್ತಿದ್ದರು. ಅವರ ತಪ್ಪನ್ನು ಗದ್ದೆಪ್ಪ ಮೈಕಿನಲ್ಲಿ ತಿದ್ದುತ್ತಿದ್ದ.

ನಾಯಕನ ಎದೆಗೆ ಕತ್ತಿ ಹೊಕ್ಕರೆ, "ಗಾಬರಿ ಆಗಬ್ಯಾಡ್ರಿ, ಪಕ್ಕೆಲುಬಿನ ಸಂದ್ಯಾಗ ಹೋಗೈತಿ" ಎನ್ನುತ್ತಿದ್ದ. ಮುದುಕ ತಂದೆಯನ್ನು ನಾಲ್ವರು ಹೊತ್ತು ಒಯ್ಯುತ್ತಿದ್ದರೆ, "ಮೈಯಾಗ ಆರಾಮಿಲ್ಲ, ಗುರುಗುಂಟಾಕ್ಕ ಹೊಂಟಾನ, ನಾಲ್ಕ ದಿನ ಇದ್ದು ಬರ್ತಾನ" ಎನ್ನುತ್ತಿದ್ದ.

ಗುರುಗುಂಟಾವೇ ಏಕೆಂದರೆ ಅಲ್ಲಿ ಅವನ ಸೋದರಮಾವನ ಮಗ ಮುದುಕಪ್ಪ ಕುರಿ ಕಾಯುತ್ತಿದ್ದ. ಸಿಂಧನೂರಿನಿಂದ ಮಸ್ಕಿ ದಾಟಿ, ಲಿಂಗಸೂಗೂರಿನಲ್ಲಿ ಬಸ್ಸು ಬದಲಿಸಿ ಹೋಗಬೇಕಾದ ಊರು. ಯಾರಾದರೂ ಹೋಗಿ ಪರೀಕ್ಷೆ ಮಾಡಿ ಬರುವಷ್ಟು ಹತ್ತಿರವಲ್ಲ, ಆಸೆ ಬಿಡುವಷ್ಟು ದೂರವೂ ಅಲ್ಲ. ಹೀಗೆ ಗದ್ದೆಪ್ಪ ಎಂಟು ವರ್ಷಗಳಲ್ಲಿ ಗುರುಗುಂಟಾಕ್ಕೆ ಕಳಿಸಿದ ರಾಜರು, ವಿಧವೆಯರು, ಕುದುರೆಗಳನ್ನೆಲ್ಲ ಸೇರಿಸಿದರೆ ಅಲ್ಲೊಂದು ತಾಲ್ಲೂಕು ಕಚೇರಿ ತೆರೆಯಬೇಕಾಗುತ್ತಿತ್ತು.

ಟೆಂಟಿನಲ್ಲಿ ಇದು ನಡೆಯಿತು. ಮನೆಯಲ್ಲಿ ನಡೆಯಲಿಲ್ಲ.

ಗದ್ದೆಪ್ಪನ ಹೆಂಡತಿ ಕರೆಮ್ಮ ಜವಳಗೇರಿಯವಳು. ಮದುವೆಯಲ್ಲಿ ತವರಿನಿಂದ ಒಂದು ಎಮ್ಮೆಕರು ತಂದಿದ್ದಳು. ಅದು ಬೆಳೆದು ಎಮ್ಮೆಯಾಗಿ, ಈದು, ಮನೆಗೆ ಹಾಲು ಕೊಡುತ್ತಿತ್ತು. ಅರವತ್ತಾರನೇ ಇಸವಿಯ ಬೇಸಿಗೆಗೆ ಮುಂಚೆ ಕರೆಮ್ಮ ಅಣ್ಣನ ಗದ್ದೆಯ ಕೆಲಸಕ್ಕೆಂದು ಜವಳಗೇರಿಗೆ ಹೋಗಿದ್ದಳು. ತಿಂಗಳು ಬಿಟ್ಟು ಬಂದು ನೋಡಿದರೆ ಗೂಟ ಖಾಲಿ.

"ಎಮ್ಮಿ ಎಲ್ಲಿ?" ಎಂದಳು.

"ಗುರುಗುಂಟಾಕ್ಕ ಮೇಯಾಕ ಕಳಿಸೀನಿ. ಕರಾನೂ ಸಂಗಾಟ ಹೋಗೈತಿ. ಅಲ್ಲಿ ಹುಲ್ಲು ಚಲೋ ಐತಿ."

ಕಾಲುವೆ ನೀರಿನ ಊರಿನಿಂದ ಒಣಭೂಮಿಯ ಊರಿಗೆ ಹುಲ್ಲಿಗೆಂದು ಎಮ್ಮೆ ಕಳಿಸಿದ ಮೊದಲ ಮನುಷ್ಯ ಇವನೇ ಇರಬೇಕು. ಕರೆಮ್ಮನಿಗೆ ನಂಬಿಕೆ ಹುಟ್ಟಲೆಂದು ಗದ್ದೆಪ್ಪ ಪ್ರತಿ ವಾರ ನನ್ನಲ್ಲಿ ಹಿಂಡಿ ಕೊಂಡು, ಅವಳ ಕಣ್ಣೆದುರಿಗೇ ಲಿಂಗಸೂಗೂರಿನ ಬಸ್ಸಿನ ಮೇಲೆ ಹಾಕಿಸಿ ಕಳಿಸತೊಡಗಿದ.

ಒಂದು ದಿನ ಕರೆಮ್ಮ ಮಸ್ಕಿಯ ಸಂತೆಯಲ್ಲಿ ಮುದುಕಪ್ಪನನ್ನು ಕಂಡಳು. ನಮ್ಮ ಎಮ್ಮೆ ಹೇಗಿದೆ ಎಂದು ಕೇಳಿದಳು. ಮುದುಕಪ್ಪ ಸುಳ್ಳು ಬಾರದವನು.

"ಎಮ್ಮಿ ಯಾವುದಬೇ ತಂಗಿ? ಅದು ಸತ್ತು ಎರಡು ತಿಂಗಳಾತು. ತಾಯಿಲ್ಲದ ಕರಾ ಅಷ್ಟ ನನ ಹಂತ್ಯಾಕ ಐತಿ. ವಾರಕ್ಕೊಮ್ಮಿ ಹಿಂಡಿ ಬರ್ತೈತಿ, ಕರಾ ಎಷ್ಟು ತಿಂದೀತು? ಉಳಿದದ್ದು ಟಗರು ತಿಂದು ಕೊಬ್ಯಾವ."

ಕರೆಮ್ಮ ಮನೆಗೆ ಬಂದು ಗಂಡನನ್ನು ಮತ್ತೆ ಕೇಳಿದಳು. ಗದ್ದೆಪ್ಪ ಮುಗುಳ್ನಕ್ಕು, "ಮುದುಕಪ್ಪಗ ಈಗೀಗ ಕಣ್ಣು ಕಾಣಂಗಿಲ್ಲ ಪಾಪ, ಎಮ್ಮಿ ಎದುರಿಗಿದ್ರೂ ಗೊತ್ತಾಗಂಗಿಲ್ಲ" ಎಂದ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಸೀರೆಗಳನ್ನು ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಳು. ಬಸ್ಸು ಬರುವ ತನಕ ನನ್ನ ಕಟ್ಟೆಯ ಮೇಲೆ ಕೂತಿದ್ದವಳು ಹೇಳಿದ್ದು ಇಷ್ಟೇ: "ಎಮ್ಮಿ ಸತ್ತದ್ದಕ್ಕ ಸಿಟ್ಟಿಲ್ರಿ ಶೆಟ್ರ. ಜೀವ ಇದ್ದದ್ದು ಸಾಯ್ತೈತಿ. ನಾಳಿ ನನ್ನ ಮಣ್ಣಾಗ ಇಟ್ಟು ಬಂದು, ಗುರುಗುಂಟಾಕ್ಕ ಹೋಗ್ಯಾಳ ಅಂತ ಊರಿಗೆಲ್ಲ ಹೇಳ್ಯಾನು ಈ ಮನಿಶ್ಯಾ. ಸತ್ತದ್ದನ್ನ ಸತ್ತಿತು ಅಂತ ತನ ಬಾಯಿಲೆ ಅಂದ ದಿನ ಬರ್ತೀನಿ."

ಅವಳು ಹೋದಳು. ಗದ್ದೆಪ್ಪ ಊರಿಗೆಲ್ಲ ಹೇಳಿದ್ದು, "ಅವರಣ್ಣನ ಮನ್ಯಾಗ ಹಬ್ಬ ಐತ್ರಿ." ಹಬ್ಬ ಒಂದು ತಿಂಗಳು ನಡೆಯಿತು.

ಇಂಥ ಹೊತ್ತಿನಲ್ಲಿ ಜಂಬಣ್ಣನವರ ಟೆಂಟಿಗೆ ಹಡಗು ಬಂತು.

ಟೈಟಾನಿಕ್ ಎಂಬ ದೊಡ್ಡ ಹಡಗು ಬರ್ಫದ ಗುಡ್ಡಕ್ಕೆ ಬಡಿದು ಮುಳುಗಿದ ಕತೆಯನ್ನು ದೊರೆಗಳ ದೇಶದಲ್ಲಿ ಒಬ್ಬರಲ್ಲ, ಬೇರೆ ಬೇರೆಯವರು ಸಿನಿಮಾ ಮಾಡಿದ್ದರಂತೆ. ಸಿನಿಮಾ ಬಾಡಿಗೆಗೆ ಕೊಡುವವನು ಜಂಬಣ್ಣನವರಿಗೆ ಎರಡು ಚಿತ್ರಗಳ ಡಬ್ಬಿಗಳನ್ನು ಒಟ್ಟಿಗೆ ಕಟ್ಟಿ ಕೊಟ್ಟಿದ್ದ. ಒಂದರಲ್ಲಿ ನಡುವಿನ ಮೂರು ರೀಲು ಇರಲಿಲ್ಲ. ಇನ್ನೊಂದರಲ್ಲಿ ಇದ್ದದ್ದೇ ನಡುವಿನವು. ಮಷೀನು ಓಡಿಸುವ ಬುಡ್ಡೇಸಾಬ್ ಎರಡನ್ನೂ ನೋಡಿ, "ಹಡಗು ಅದೇ, ನೀರು ಅದೇ, ಮುಳುಗೂದೂ ಅದೇ. ಕೂಡಿಸಿದ್ರ ಒಂದು ಬರೋಬ್ಬರಿ ಸಿನಿಮಾ ಆಗ್ತೈತಿ" ಎಂದ. ಹರಿದ ಎರಡು ಚೀಲ ಸೇರಿಸಿ ಒಂದು ಹೊಲಿಯುವುದನ್ನು ನಾನೂ ಮಾಡಿದ್ದೇನೆ, ಆದ್ದರಿಂದ ಏನೂ ಅನ್ನಲಿಲ್ಲ.

ಮೊದಲ ದಿನದ ಆಟಕ್ಕೆ ನಾನೂ ಹೋಗಿದ್ದೆ. ಪರದೆಯ ಮೇಲೆ ನಾಲ್ಕು ಚಿಮಣಿಯ ಹಡಗು ಹೊಗೆ ಬಿಡುತ್ತ ಬಂದ ಕೂಡಲೆ ಜನ ಹೋ ಎಂದರು. "ಲೇ, ನಾಲ್ಕು ಗಿರಣಿ ಒಂದ ಕಡಿಗೆ ಕಟ್ಯಾರಲೇ!" ಎಂದ ಒಬ್ಬ. ಆ ವರ್ಷ ಸಿಂಧನೂರಿನಲ್ಲಿ ಕಾಲುವೆ ನೀರಿಗಿಂತ ವೇಗವಾಗಿ ಅಕ್ಕಿ ಗಿರಣಿಗಳು ಏಳುತ್ತಿದ್ದವು. ಜಂಬಣ್ಣನವರದೂ ಒಂದು ಏಳುತ್ತಿತ್ತು. ಎತ್ತರದ ಚಿಮಣಿ ಕಂಡರೆ ನಮ್ಮವರಿಗೆ ಭತ್ತವೇ ನೆನಪಾಗುವುದು.

ಗದ್ದೆಪ್ಪ ಮೈಕು ಹಿಡಿದು ಹಡಗಿನ ಯಜಮಾನನನ್ನು ಪರಿಚಯ ಮಾಡಿದ. ಬಿಳಿ ಗಡ್ಡದ, ಸಣಕಲಾದ, ಉದ್ದನೆಯ ಕಪ್ತಾನ. "ಇವರು ಭಾಳ ಶಾಣ್ಯಾ ಮನಿಶ್ಯಾ. ಮನಿ ದೇವರಿಗೆ ನಡಕೊಂಡ ಬಂದು ಹಡಗು ಹತ್ಯಾರ." ಒಬ್ಬ ಬಂದು ಕಪ್ತಾನನ ಕೈಗೆ ಚೀಟಿ ಕೊಟ್ಟ. "ಮನಿಯಿಂದ ಕಾಗದ. ಎಲ್ಲಾರೂ ಆರಾಮ ಅದೀವಿ, ಹಡಗು ನಿಧಾನಕ್ಕ ಹೊಡಿ ಅಂತ ಬರದಾರ." ಕಪ್ತಾನ ಚೀಟಿಯನ್ನು ಕಿಸೆಗೆ ಹಾಕಿಕೊಂಡ.

ಆಗ ರೀಲು ಬದಲಾಯಿತು. ಬುಡ್ಡೇಸಾಬನ ಹೊಲಿಗೆ ಬಿಟ್ಟ ಜಾಗ ಅದು. ಈಗ ಬಂದ ಕಪ್ತಾನನಿಗೂ ಬಿಳಿ ಗಡ್ಡವೇ, ಅದೇ ಟೋಪಿಯೇ, ಆದರೆ ಆಳು ಗಿಡ್ಡ, ಹೊಟ್ಟೆ ಗಡಿಗೆಯಷ್ಟು. ಊರಿನವರು ಯಾರೂ ಗಮನಿಸಲಿಲ್ಲ. ಪರದೇಶದವರೆಲ್ಲ ನಮಗೆ ಒಂದೇ. ಆದರೆ ಆ ದಿನ ಟಗರು ಮಾರಲು ಬಂದಿದ್ದ ಮುದುಕಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದ. ಇನ್ನೂರು ಕುರಿಯಲ್ಲಿ ಒಂದು ಬದಲಾದರೆ ಕಣ್ಣಿಗೆ ಹಿಡಿಯುವವನು ಅವನು.

"ಲೇ ಗದ್ದೆಪ್ಪ, ಇಂವ ಅಂವಲ್ಲ!" ಎಂದು ಎದ್ದು ನಿಂತ. "ಅಂವನ ಕಿವಿ ಉದ್ದ ಇದ್ದವು. ಇಂವನವು ಮೋಟು."

ಟೆಂಟೆಲ್ಲ ಕಪ್ತಾನನ ಕಿವಿ ನೋಡತೊಡಗಿತು. ಗದ್ದೆಪ್ಪ ಒಂದು ಗಳಿಗೆಯೂ ತಡವರಿಸಲಿಲ್ಲ. "ಖರೇ ಹೇಳಿದಿ ನೋಡು ಮಾವ. ಮೊದಲಿನಾಂವ ಉಣ್ಣಾಕ ಹೋಗ್ಯಾನ. ಇಂವ ಅಂವನ ತಮ್ಮ, ಅಲ್ಲೀತನ ಹಡಗು ನೋಡ್ಕೊಂತಾನ."

ಮೂರು ರೀಲಿನ ನಂತರ ಸಣಕಲ ಕಪ್ತಾನ ಮತ್ತೆ ಬಂದ. "ಉಂಡ ಬಂದ್ರು" ಎಂದ ಗದ್ದೆಪ್ಪ. "ಏನ ಊಟಪಾ ಇದು, ಇಷ್ಟೊತ್ತು!" ಎಂದ ಮುದುಕಪ್ಪ, ಆದರೆ ಕೂತುಕೊಂಡ.

ಬರ್ಫದ ಗುಡ್ಡ ಬಡಿದು ಹಡಗಿನೊಳಗೆ ನೀರು ನುಗ್ಗಿದ್ದೇ ತಡ, ಕಾಲುವೆ ಕಡೆಯ ರೈತರಿಗೆ ಕೂರಲಾಗಲಿಲ್ಲ. ಹೊಲದ ಕಾಲುವೆಯ ಏರಿ ಒಡೆದಾಗ ಓಡಿ ಹೋಗಿ ಕಟ್ಟಿ ಅಭ್ಯಾಸವಾದ ಜನ. "ಚೀಲ ಒಗೀರಲೇ, ಮಣ್ಣು ತುಂಬಿ ಚೀಲ ಒಗೀರಿ! ಕೋಟು ಹಾಕ್ಕೊಂಡು ಏನ ನೋಡ್ತೀರಲೇ, ಇಳೀರಿ ಕೆಳಗ!" ಎಂದು ಕೂಗಿದರು. ಮರುದಿನ ಹೊನ್ನೂರಪ್ಪನೆಂಬ ರೈತ ನನ್ನಲ್ಲಿಗೆ ಬಂದು ಹತ್ತು ಖಾಲಿ ಚೀಲ ಕೇಳಿದ. ಯಾಕೆಂದು ಕೇಳಿದರೆ, "ಸಂಜಿಕ್ಕ ಆಟಕ್ಕ ಹೊಂಟೀನ್ರಿ, ಹಂತ್ಯಾಕ ಇದ್ರ ಚಲೋ" ಎಂದ. ಕೊಟ್ಟೆ.

ಇನ್ನೇನು ಹಡಗು ಮುಳುಗಬೇಕು. ಮೂತಿ ನೀರಿನಲ್ಲಿ, ಬಾಲ ಆಕಾಶಕ್ಕೆ. ಅಷ್ಟರಲ್ಲಿ ಗದ್ದೆಪ್ಪ ಎಡಗೈ ಎತ್ತಿದ. ಅದು ಬುಡ್ಡೇಸಾಬನಿಗೆ ಮೊದಲೇ ಮಾತಾಡಿಟ್ಟ ಗುರುತು. ಪರದೆ ಕತ್ತಲಾಯಿತು. ಉಳಿದದ್ದನ್ನು ಬಿಟ್ಟು ಬುಡ್ಡೇಸಾಬ್ ಮೊದಲನೆಯ ರೀಲನ್ನೇ ಮತ್ತೆ ಏರಿಸಿದ. ಬಂದರದಲ್ಲಿ ಹಡಗು ನಿಂತಿದೆ, ಬ್ಯಾಂಡು ಬಾರಿಸುತ್ತಿದೆ, ಮೇಲಿನವರು ಕೆಳಗಿನವರಿಗೆ, ಕೆಳಗಿನವರು ಮೇಲಿನವರಿಗೆ ಕೈ ಬೀಸುತ್ತಿದ್ದಾರೆ.

"ಬೊಂಬಾಯಿ ಬಂತು!" ಎಂದು ಗದ್ದೆಪ್ಪ ಮೈಕು ಹರಿಯುವಂತೆ ಕೂಗಿದ. "ಎಲ್ಲಾರೂ ಸುಖರೂಪ ಬಂದ್ರು! ಸಂಬಂಧಿಕರು ಕರಕೊಂಡ ಹೋಗಾಕ ಬಂದಾರ, ನೋಡ್ರಿ!"

ಸೀಟಿ, ಚಪ್ಪಾಳೆ, ಟೋಪಿಗಳು ಮೇಲಕ್ಕೆ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, "ಕಪ್ತಾನನ ತಮ್ಮ ಚಲೋ ಹೊಡದ ನೋಡ್ರಿ ಹಡಗ" ಎಂದರು.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಶಾಲೆಯ ಕರಿಬಸಯ್ಯ ಮಾಸ್ತರರು ಚಹಾದಂಗಡಿಯಲ್ಲಿ ಕೂತು, ಆ ಹಡಗು ನಿಜವಾಗಿ ಮುಳುಗಿತೆಂದೂ ಅದರಲ್ಲಿ ಒಂದೂವರೆ ಸಾವಿರ ಜನ ಸತ್ತರೆಂದೂ ತಾವು ಪುಸ್ತಕದಲ್ಲಿ ಓದಿದ್ದಾಗಿ ಹೇಳಿದರು. ಊರವರು ಅದನ್ನು ನಂಬಲಿಲ್ಲ. ಮಾಸ್ತರರು ಕಣ್ಣಾರೆ ನೋಡಿರಲಿಲ್ಲ, ಇವರು ನೋಡಿದ್ದರು. ಆದರೆ ಆ ಮಾತು ಬಸ್ಸು ಹತ್ತಿ ಜವಳಗೇರಿಗೆ ಹೋಯಿತು. ಅಲ್ಲಿಂದ ಉತ್ತರ ತಂದವನು ಕಂಡಕ್ಟರ್ ರಾಮಣ್ಣ. ಬಸ್ಸಿಳಿದವನೇ ನನ್ನಂಗಡಿಯಲ್ಲಿ ಹಿಂಡಿ ಕಟ್ಟಿಸುತ್ತಿದ್ದ ಗದ್ದೆಪ್ಪನಿಗೆ ಒಪ್ಪಿಸಿದ.

"ನಿನ್ನ ಹೇಣ್ತಿ ಹೇಳ್ಯಾಳಪಾ. ಶುಕ್ರವಾರ ಅವರೂರಿನ ಹೆಣ್ಣಮಕ್ಕಳ ಸಂಗಾಟ ಟ್ರ್ಯಾಕ್ಟರಿನಾಗ ಆಟಕ್ಕ ಬರ್ತಾಳಂತ. ಹಡಗು ಮುಳುಗಿತು ಅಂತ ನೀ ಮೈಕಿನಾಗ ಅಂದ್ರ, ಗಂಟು ಇಳಿಸ್ಕೊಂಡು ಮನಿಗೆ. ಬೊಂಬಾಯಿ ಬಂತು ಅಂದ್ರ, ಅದ ಟ್ರ್ಯಾಕ್ಟರಿನಾಗ ಹೊಳ್ಳಿ ಜವಳಗೇರಿಗೆ. ಮತ್ತ ಬರಂಗಿಲ್ಲಂತ."

ಗದ್ದೆಪ್ಪ ಮುಗುಳ್ನಗಲು ನೋಡಿದ. ಅರ್ಧ ಬಂದು ನಿಂತಿತು.

ಅದೇ ಸಂಜೆ ಜಂಬಣ್ಣನವರೂ ಕರೆಸಿದರು. ಅವರಿಗೂ ಮಾಸ್ತರರ ಮಾತು ಮುಟ್ಟಿತ್ತು. "ಗದ್ದೆಪ್ಪ, ಶನಿವಾರ ನನ್ನ ಗಿರಣಿ ಪೂಜಾ ಐತಿ. ಹಿಂದಿನ ದಿನ ನನ್ನ ಟೆಂಟಿನಾಗ ನಾಲ್ಕು ಚಿಮಣಿ ಮುಳುಗೂದು ನನಗ ಬ್ಯಾಡ. ಮುಳುಗಿತು ಅಂತ ನಿನ ಬಾಯಾಗ ಬಂತೋ, ಮೈಕು ಕೆಳಗಿಟ್ಟು ಮನಿಗೆ ನಡಿ."

ಗುರುವಾರ ಗದ್ದೆಪ್ಪ ನನ್ನ ಕಟ್ಟೆಯ ಮೇಲೆ ಬಂದು ಕೂತ. ಕೊಳ್ಳಲು ಏನೂ ಕೇಳಲಿಲ್ಲ, ಅದೇ ಅಪಶಕುನ.

"ಶೆಟ್ರ, ನನಗ ಬರಂಗಿಲ್ಲರೀ. ಬಾಯಿತನ ಬರ್ತೈತಿ, ಹೊಳ್ಳತೈತಿ."

"ರೂಢಿ ಮಾಡಪಾ," ಎಂದೆ. ಗೋಡೆಗೆ ಒರಗಿಸಿಟ್ಟ ಲಾಟೀನಿನ ಗಾಜು ಬೆಳಿಗ್ಗೆಯೇ ಬಿದ್ದು ಚೂರಾಗಿತ್ತು. ತೋರಿಸಿದೆ. "ಇದಕ್ಕೇನಾಗೈತಿ?"

ಗದ್ದೆಪ್ಪ ಬಹಳ ಹೊತ್ತು ನೋಡಿದ. "ಸ್ವಲ್ಪ ದೂರದೂರ ಆಗೈತ್ರಿ."

"ಒಡದೈತಿ ಅನ್ನು."

"ಕೂಡಿಸಿದ್ರ ಕೂಡ್ತೈತ್ರಿ."

"ಹೋಗಲಿ. ಎಮ್ಮಿ ಏನಾತು?"

ಗದ್ದೆಪ್ಪ ಕಟ್ಟೆಯ ಅಂಚಿಗೆ ಸರಿದ. "ಎಮ್ಮಿ… ಎಮ್ಮಿ ಸ… ಸಂತಿಗೆ ಹೋಗೈತ್ರಿ" ಎಂದು ಎದ್ದು ಹೊರಟೇಬಿಟ್ಟ. ಗುರುಗುಂಟಾದಿಂದ ಸಂತೆಗೆ ಬಂದಿತ್ತು. ಒಂದು ಲೆಕ್ಕಕ್ಕೆ ಹತ್ತಿರ ಬರುತ್ತಿತ್ತು ಅನ್ನಬೇಕು.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಜವಳಗೇರಿಯ ಟ್ರ್ಯಾಕ್ಟರು ಬಂತು. ಇಪ್ಪತ್ತು ಹೆಂಗಸರು, ನಡುವೆ ಮಡಿಲಲ್ಲಿ ಗಂಟು ಇಟ್ಟುಕೊಂಡ ಕರೆಮ್ಮ. ಹೆಂಗಸರ ಕಡೆ, ಪರದೆಗೆ ಹತ್ತಿರ, ಗದ್ದೆಪ್ಪನ ಮುಖ ಕಾಣುವ ಜಾಗ ಹಿಡಿದಳು. ಪಕ್ಕದಲ್ಲಿ ಸಿಂಧನೂರಿನ ಅವರ ನೆರೆಮನೆಯ ಸುಭಾನಬಿ. ಇತ್ತ ಖುರ್ಚಿಯ ಸಾಲಿನಲ್ಲಿ ಜಂಬಣ್ಣನವರು. ನಾನು ನಡುವಿನ ಬೆಂಚಿನಲ್ಲಿ. ಹೊನ್ನೂರಪ್ಪ ಚೀಲಗಳ ಸಮೇತ ಬಂದಿದ್ದ. ಮುದುಕಪ್ಪನೂ ಇದ್ದ. ಎರಡು ಕಪ್ತಾನರಲ್ಲಿ ಯಾರು ಅಣ್ಣ ಎಂಬುದು ಅವನಿಗೆ ಇನ್ನೂ ಇತ್ಯರ್ಥವಾಗಿರಲಿಲ್ಲ.

ಸಿನಿಮಾ ಹತ್ತಿತು. ಗದ್ದೆಪ್ಪನ ದನಿ ಎಂದಿನಂತಿರಲಿಲ್ಲ. ಹಡಗು ಹೊರಟಿತು, ಸಣಕಲ ಕಪ್ತಾನ ಬಂದ, ಚೀಟಿ ಬಂತು. ಜನ ಮನೆಯ ಕಾಗದಕ್ಕೆ ಕಾದರು. ಗದ್ದೆಪ್ಪ ಆ ಚೀಟಿಯನ್ನು ಈ ಹಿಂದೆ ಪ್ರತಿ ದಿನವೂ ಓದಿದ್ದ. ಈ ದಿನ ಓದಲಿಲ್ಲ. ಚೀಟಿ ಕಪ್ತಾನನ ಕಿಸೆಗೆ ಹೋಗುವುದನ್ನು ಬಾಯಿ ತೆರೆದು ನೋಡುತ್ತ ಕೂತ.

"ಏನ ಬರದಾರ, ಹೇಳಪಾ!" ಎಂದು ಯಾರೋ ಕೂಗಿದರು.

"ಮುಂದ ಬರ್ಫ ಐತಿ ಅಂತ ಬರದಾರ," ಎಂದ ಗದ್ದೆಪ್ಪ ಮೆಲ್ಲಗೆ. "ಹುಷಾರ್ ಅಂತ ಬರದಾರ. ಇಂವ ಕಿಸೇದಾಗ ಇಟಗೊಂಡ."

ಟೆಂಟು ಗೊಂದಲವಾಯಿತು. ನಿನ್ನೆಯ ತನಕ ಎಲ್ಲರೂ ಆರಾಮ ಇದ್ದವರು ಇವತ್ತು ಬರ್ಫದ ಸುದ್ದಿ ಏಕೆ ಬರೆದರು? ಜಂಬಣ್ಣನವರು ಗಂಟಲು ಸರಿಮಾಡಿಕೊಂಡರು. ಕೇಳಬೇಕಾದವನಿಗೆ ಕೇಳಿಸುವಷ್ಟು ಜೋರಾಗಿ.

ಕಪ್ತಾನ ಬದಲಾದ, ಹಡಗು ಬಡಿಯಿತು, ನೀರು ನುಗ್ಗಿತು. ಗದ್ದೆಪ್ಪ ಒಂದೊಂದೇ ಮಾತು ಹೇಳುತ್ತ ಬಂದ. ಕೊನೆಗೆ ಹಡಗಿನ ಬಾಲ ಆಕಾಶಕ್ಕೆ ಎದ್ದಿತು. ಇದು ಎಡಗೈ ಎತ್ತುವ ಜಾಗ. ಕೈ ಮೇಲಕ್ಕೆ ಹೊರಟಿತು. ಹೆಂಗಸರ ಕಡೆಯಿಂದ ಕರೆಮ್ಮ ಎದ್ದು ನಿಂತಳು. ಗಂಡನ ಹೆಸರು ಹಿಡಿಯುವಂತಿಲ್ಲ. ಆದರೆ ಕೂಗಲೇಬೇಕಿತ್ತು.

"ಏ ಮೈಕಿನಾಂವ! ಏನಾತು ಹೇಳು!"

ಕೈ ಅಲ್ಲೇ ನಿಂತಿತು.

"ಹಡಗು…" ಎಂದ ಗದ್ದೆಪ್ಪ. ಜಂಬಣ್ಣನವರು ಖುರ್ಚಿಯಿಂದ ಅರ್ಧ ಎದ್ದರು. "ಹಡಗು… ಗು…"

"ನಮ್ಮೂರಿಗೆ ಕಳಿಸಬ್ಯಾಡಲೇ!" ಎಂದು ಮುದುಕಪ್ಪ ಮುಂದಿನ ಸಾಲಿನಿಂದ ಕೂಗಿದ. "ಗುರುಗುಂಟಾದಾಗ ಅದಕ್ಕ ನೀರಿಲ್ಲ!"

ಟೆಂಟು ನಕ್ಕಿತು. ಆ ನಗೆ ತಗ್ಗುವಷ್ಟರಲ್ಲಿ ಪರದೆಯ ಮೇಲೆ ಹಡಗು ಇದ್ದ ಕಡೆ ಬರೀ ನೀರಿತ್ತು. ಗದ್ದೆಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ಹಡಗು ಮುಳುಗಿತು. ಎಮ್ಮಿನೂ ಸತ್ತಿತು."

ಹಡಗಿನ ವಿಷಯ ಜನಕ್ಕೆ ಅರ್ಥವಾಯಿತು. ಎಮ್ಮೆಯದು ಆಗಲಿಲ್ಲ. "ಹಡಗಿನಾಗ ಎಮ್ಮಿ ಇತ್ತೇನಲೇ?" "ನಾ ನೋಡಲಿಲ್ಲಪಾ." "ಕೆಳಗ ಕಟ್ಟಿರಬೇಕು."

"ಹೆಂಗ ಸತ್ತಿತು?" ಎಂದಳು ಕರೆಮ್ಮ.

"ಹಗ್ಗ ಉಚ್ಚಿಕೊಂಡಿತ್ತು. ಕೊಯ್ದ ಜೋಳದ ಹೊಲಕ್ಕ ಹೋಗಿ ಕೂಳಿ ಚಿಗುರು ತಿಂತು. ಅದು ಇಸಾ ಅಂತ ಹಸುಗೂಸಿಗೂ ಗೊತ್ತೈತಿ. ಎಮ್ಮಿ ಬಿಚ್ಚಿಕೊಂಡೈತಿ ಜಲ್ದಿ ಬಾ ಅಂತ ಸುಭಾನಬಿ ಇದ ಟೆಂಟಿಗೆ ಓಡಿ ಬಂದು ಹೇಳಿದ್ಳು. ಕತ್ತಿ ಕಾಳಗ ನಡದಿತ್ತು. ಜನ ಸೀಟಿ ಹೊಡ್ಯಾಕತ್ತಿದ್ರು. ನಾ ಮೈಕು ಬಿಡಲಿಲ್ಲ. ಕುಂದ್ರಬೇ, ಮುಗಿಸಿ ಬರ್ತೀನಿ ಅಂದ್ನಿ. ಆ ಕಪ್ತಾನ ಚೀಟಿ ಕಿಸೇದಾಗ ಇಟಗೊಂಡಂಗ." ಅವನ ದನಿ ಧ್ವನಿವರ್ಧಕದಲ್ಲಿ ಊರಾಚೆಯ ತನಕ ಹೋಗುತ್ತಿತ್ತು. "ಹೋಗಿ ನೋಡಿದ್ರ ಹೊಲದಾಗ ಬಿದ್ದಿತ್ತು. ತಲಿ ತೊಡಿ ಮ್ಯಾಲ ಇಟ್ಟುಕೊಂಡು ಕುಂತೆ. ಕರಾ ಬಂದು ಮೊಲಿಗೆ ಬಾಯಿ ಹಾಕ್ತಿತ್ತು. ನಾ ಕೊಂದೆ ಅದನ್ನ. ಅದಕ ಹೇಳಾಕ ಬಾಯಿ ಬರಲಿಲ್ಲ."

ಒಂದೂವರೆ ಸಾವಿರ ದೊರೆಗಳು ನೀರಿಗೆ ಬಿದ್ದಾಗ ಒಣಗಿದ್ದ ಕಣ್ಣುಗಳು ಆಗ ಒದ್ದೆಯಾದವು. ಹೆಂಗಸರ ಕಡೆ ಸೆರಗುಗಳೆಲ್ಲ ಮೂಗಿಗೆ ಹೋದವು. ಹೊನ್ನೂರಪ್ಪ ಚೀಲದಲ್ಲಿ ಮುಖ ಒರೆಸಿಕೊಂಡ. ಸುಭಾನಬಿ, "ಖರೇ ಐತಿ, ನಾನ ಬಂದಿದ್ನಿ" ಎಂದು ಎಲ್ಲರಿಗೂ ಸಾಕ್ಷಿ ಹೇಳಿದಳು. ಕರೆಮ್ಮ ಮಾತ್ರ ಅಳಲಿಲ್ಲ. ಮಡಿಲಿನಿಂದ ಗಂಟನ್ನು ಇಳಿಸಿ ನೆಲದ ಮೇಲೆ ಇಟ್ಟಳು. ಅದನ್ನು ಗದ್ದೆಪ್ಪ ನೋಡಿದ, ನಾನೂ ನೋಡಿದೆ.

ಅರ್ಧ ಎದ್ದ ಕೈ ನೋಡಿ ಅನುಮಾನದಲ್ಲಿದ್ದ ಬುಡ್ಡೇಸಾಬ್, ಅಷ್ಟರಲ್ಲಿ ರೀಲು ತೀರಿದ್ದರಿಂದ, ರೂಢಿಯಂತೆ ಮೊದಲ ರೀಲನ್ನು ಏರಿಸಿಬಿಟ್ಟಿದ್ದ. ಬಂದರು, ಬ್ಯಾಂಡು, ಕೈ ಬೀಸುವ ಜನ. ಮುಳುಗಿದ ಹಡಗು ಮಂಗಳಾರತಿಗೆ ಎದ್ದು ನಿಂತಂತಿತ್ತು. "ಬೊಂಬಾಯಿ ಬಂತ?" ಎಂದು ಒಂದೆರಡು ದನಿ ಆಸೆಯಿಂದ ಕೇಳಿದವು. ಜಂಬಣ್ಣನವರೂ ಆಸೆಯಿಂದ ನೋಡಿದರು.

ಗದ್ದೆಪ್ಪ ತಲೆ ಅಲ್ಲಾಡಿಸಿದ. "ಇಲ್ರಿ. ಇದು ಮೊದಲನೇ ರೀಲು. ಹೊಂಟಾರ ಇವರು. ಮುಂದಿಂದು ಗೊತ್ತಿಲ್ಲ ಅವರಿಗೆ, ಅದಕ ನಗಾಕತ್ತಾರ."

ಮುಂದಿನ ಸಾಲಿನಲ್ಲಿ ಮುದುಕಪ್ಪ ಕೈ ಎತ್ತಿ ಪರದೆಯ ಕಡೆ ಬೀಸಿದ. ಅವನನ್ನು ನೋಡಿ ಇನ್ನೊಬ್ಬ. ನೋಡನೋಡುತ್ತ ಇಡೀ ಟೆಂಟು ಕೈ ಬೀಸತೊಡಗಿತು. ವ್ಯಾಪಾರಸ್ಥನಾದವನು ಇಂಥದರಲ್ಲೆಲ್ಲ ಸೇರಬಾರದು. ನಾನು ಒಂದೇ ಕೈ ಬೀಸಿದೆ.

ಜವಳಗೇರಿಯ ಟ್ರ್ಯಾಕ್ಟರು ಹೊರಟಾಗ ಅದರಲ್ಲಿ ಹತ್ತೊಂಬತ್ತು ಹೆಂಗಸರಿದ್ದರು.

ಜಂಬಣ್ಣನವರು ಗದ್ದೆಪ್ಪನನ್ನು ಬಿಡಿಸಬೇಕೆಂದಿದ್ದರು, ಆದರೆ ಮರುದಿನ ಗಿರಣಿಯ ಪೂಜೆ ನಿರ್ವಿಘ್ನವಾಗಿ ಮುಗಿಯಿತು, ಸಂಜೆಗೆ ಟೆಂಟಿನೆದುರು ಎಂದೂ ಕಾಣದ ಜನ. ಮಸ್ಕಿಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಎಮ್ಮೆ ಸಾಯುವ ಸಿನಿಮಾ ಭಾಳ ದುಃಖದ್ದಂತೆ ಎಂಬ ಸುದ್ದಿ ಹಬ್ಬಿತ್ತು. ಜಂಬಣ್ಣನವರು ಸಿಟ್ಟನ್ನು ಮಡಚಿ ಕಿಸೆಗೆ ಹಾಕಿಕೊಂಡು, "ಗದ್ದೆಪ್ಪ, ಇವತ್ತೂ ಎಮ್ಮಿ ಸಾಯಲಪಾ" ಎಂದರು.

"ಹಡಗಿನಾಗ ಎಮ್ಮಿ ಇರಲಿಲ್ರಿ ಸಾವ್ಕಾರ್ರ," ಎಂದ ಗದ್ದೆಪ್ಪ.

ಅದನ್ನೇ ಮೈಕಿನಲ್ಲೂ ಹೇಳಿದ. ಜನ ಗಲಾಟೆ ಮಾಡಿದರು, ಅವನು ಬಗ್ಗಲಿಲ್ಲ. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ಎಂಟು ವರ್ಷ ತಡೆದಿಟ್ಟ ಸಾವುಗಳೆಲ್ಲ ಅವನ ಬಾಯಿಂದ ತೂಬು ಎತ್ತಿದ ಹಾಗೆ ಹೊರಬೀಳತೊಡಗಿದವು. ಮುಂದಿನ ವಾರದ ಹಿಂದಿ ಚಿತ್ರದಲ್ಲಿ ನಾಯಕ ಕುದುರೆ ಏರಿ ಬರುತ್ತಿದ್ದಂತೆಯೇ, "ಇಂವ ಹನ್ನೆರಡನೇ ರೀಲಿನಾಗ ಸಾಯ್ತಾನ್ರಿ, ಈಗ ಒಂದೀಟು ಛಂದಂಗ ನೋಡ್ಕೋರಿ" ಎಂದ. ಜಂಬಣ್ಣನವರು ಅವನನ್ನು ಟಿಕೆಟ್ಟು ಹರಿಯುವ ಬಾಗಿಲಿಗೆ ಹಾಕಿದರು. ಅಲ್ಲಿ, ಸಿನಿಮಾ ಹೆಂಗೈತಿ ಎಂದು ಕೇಳಿದವರಿಗೆಲ್ಲ, "ಅಷ್ಟಕ್ಕಷ್ಟರೀ" ಎನ್ನತೊಡಗಿದ. ಕೊನೆಗೆ ಅವರ ಹೊಸ ಗಿರಣಿಯಲ್ಲಿ ಹೊತ್ತುಹೊತ್ತಿಗೆ ಸಿಳ್ಳು ಊದಿಸುವ ಕೆಲಸ ಕೊಟ್ಟರು. ಸಿಳ್ಳಿಗೆ ಸುಳ್ಳೂ ಬರುವುದಿಲ್ಲ, ನಿಜವೂ ಬರುವುದಿಲ್ಲ. ಒಂದೇ ಚಿಮಣಿಯ ಕೆಳಗೆ ಖಾಕಿ ಟೋಪಿ ಹಾಕಿಕೊಂಡು ಅವನು ಸಿಳ್ಳು ಎಳೆಯುವುದನ್ನು ನೋಡಿಯೇ ಊರವರು ಹಡಗು ಗದ್ದೆಪ್ಪನೆಂದು ಹೆಸರಿಟ್ಟರು.

ಕರು ಗುರುಗುಂಟಾದಿಂದ ಬಸ್ಸಿನ ದಾರಿಯಲ್ಲೇ ನಡೆದು ಬಂತು. ಎಪ್ಪತ್ತರ ಸುಮಾರಿಗೆ ಅದೂ ಈಯಿತು. ಕರೆಮ್ಮ ಗಿಣ್ಣ ಕಾಸಿಕೊಂಡು, ಗಂಡನನ್ನು ಹಿಂದೆ ಕರೆದುಕೊಂಡು, ನನ್ನ ಅಂಗಡಿಗೆ ಒಂದು ಡಬ್ಬಿ ತಂದಳು. ನಾನು ತಿಂದು, ಭಾಳ ಚಲೋ ಆಗೈತಿ ತಂಗಿ ಎಂದೆ. ಹಾಗೆಯೇ ಗದ್ದೆಪ್ಪನನ್ನೂ ಕೇಳಿದೆ.

"ಸಕ್ಕರಿ ಕಮ್ಮಿ ಆಗೈತ್ರಿ," ಎಂದ ಅವನು. "ತಳಾನೂ ಹತ್ತೈತಿ."

ಕರೆಮ್ಮ ಅವನನ್ನು ಕೆಳಗಿನಿಂದ ಮೇಲಿನ ತನಕ, ಮುದುಕಪ್ಪ ಕುರಿ ನೋಡುವ ಹಾಗೆ ನೋಡಿದಳು.

"ಶೆಟ್ರ, ಇಂವ ಅಂವಲ್ಲ. ಮೊದಲಿನಾಂವನ ಚಲೋ ಇದ್ದ."

"ಅಂವ ಉಣ್ಣಾಕ ಹೋಗ್ಯಾನಬೇ," ಎಂದೆ ನಾನು. "ಅಲ್ಲೀತನ ಇಂವನ್ನ ಇಟಗೋ."